ಆಟಗಾರರ ಗುಣಪರೀಕ್ಷೆ: ಅಮೆರಿಕದ ಫುಟ್‌ಬಾಲಿನಲ್ಲಿ ಅಳತೆ ಮತ್ತು ಮಾತು

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಕಾಲಿನಿಂದ ಚೆಂಡನ್ನು ಒದ್ದು ಗೋಲು ಹೊಡೆಯುವ ಆಟವಲ್ಲ. ಎರಡು ತುದಿಗಳು ಮೊನಚಾದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ಎದುರಾಳಿಯ ಮೈಗೆ ಮೈಯೊಡ್ಡಿ ಮುಂದಕ್ಕೆ ಸಾಗಿಸುವ, ಪಕ್ಷಕ್ಕೆ 11 ಜನರಂತೆ ಆಡುವ ಆಟವದು. ಈ ಆಟದ ವೃತ್ತಿಪರ ಸಂಸ್ಥೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 32 ತಂಡಗಳಿವೆ. ಅವುಗಳಿಗೆ ಹೊಸ ಆಟಗಾರರು ಬರುವುದು ಬಹುಮಟ್ಟಿಗೆ ಒಂದೇ ಬಾಗಿಲಿನಿಂದ. ಆ ಬಾಗಿಲು ಕಾಲೇಜು. ಇಪ್ಪತ್ತೊಂದು, ಇಪ್ಪತ್ತೆರಡರ ಹರೆಯದ ಹುಡುಗನೊಬ್ಬನು ಮುಂದೆ ಏನಾಗಬಲ್ಲ ಎಂಬುದನ್ನು ಇಂದೇ ಹೇಳಬೇಕಾದ ಕೆಲಸ ಅಲ್ಲಿ ಒಂದು ವೃತ್ತಿಯಾಗಿಯೇ ಬೆಳೆದಿದೆ. ಆ ವೃತ್ತಿಯವರನ್ನು ಸ್ಕೌಟ್‌ಗಳೆಂದು ಕರೆಯುತ್ತಾರೆ. ಅವರ ಉಪಕರಣಗಳು ಎರಡೇ: ಅಳತೆ ಮತ್ತು ಮಾತು. ಅಳತೆಯ ಕಥೆ ಎಲ್ಲರಿಗೂ ಗೊತ್ತಿರುವಂಥದು. ಮಾತಿನ ಕಥೆ ಭಾಷೆಯನ್ನು ಓದುವವರಿಗೆ ಹೆಚ್ಚು ಉಪಯೋಗದ್ದು.

ಕಾಲೇಜು ಆಟಗಾರರನ್ನು ತಂಡಗಳು ಹಂಚಿಕೊಳ್ಳುವ ಪದ್ಧತಿಗೆ ‘ಡ್ರಾಫ್ಟ್’ ಎಂದು ಹೆಸರು. ಐಪಿಎಲ್ ಹರಾಜನ್ನು ಕಂಡವರು ಇದನ್ನೂ ಹರಾಜೆಂದೇ ತಿಳಿಯುವ ಸಂಭವವುಂಟು. ಆದರೆ ಹರಾಜಿನಲ್ಲಿ ಹೆಚ್ಚು ಕೂಗಿದವನು ಕೊಳ್ಳುತ್ತಾನೆ. ಡ್ರಾಫ್ಟಿನಲ್ಲಿ ಕೂಗುವ ಮಾತೇ ಇಲ್ಲ, ಸರದಿ ಮಾತ್ರ ಇದೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗುಳಿದ ತಂಡಕ್ಕೆ ಮೊದಲ ಸರದಿ, ಗೆದ್ದ ತಂಡಕ್ಕೆ ಕೊನೆಯದು. ಹೀಗೆ ಏಳು ಸುತ್ತು. ಯಾವ ತಂಡ ಹೆಸರು ಹೇಳುತ್ತದೆಯೋ ಆ ತಂಡದೊಡನೆಯೇ ಆಟಗಾರನು ಒಪ್ಪಂದ ಮಾಡಿಕೊಳ್ಳಬೇಕು. 1935ರಲ್ಲಿ ಈ ಸೂಚನೆಯನ್ನು ಮುಂದಿಟ್ಟವರು ಫಿಲಡೆಲ್ಫಿಯಾ ತಂಡದ ಬರ್ಟ್ ಬೆಲ್. ಆಗ ತೀರ ಸೋಲುತ್ತಿದ್ದ ತಂಡಗಳಲ್ಲಿ ಅವರದೂ ಒಂದೆಂಬುದನ್ನು ನೆನೆದರೆ ಸೂಚನೆ ಎಲ್ಲಿಂದ ಹುಟ್ಟಿತೆಂಬುದು ತಿಳಿಯುತ್ತದೆ. 1936ರ ಫೆಬ್ರುವರಿಯಲ್ಲಿ ನಡೆದ ಮೊದಲ ಡ್ರಾಫ್ಟಿನಲ್ಲಿ 90 ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದರು. ತಂಡಗಳಿಗೆ ಆಗ ಸ್ಕೌಟ್‌ಗಳಿರಲಿಲ್ಲ; ಪತ್ರಿಕೆಯಲ್ಲಿ ಓದಿದ್ದು, ಪರಿಚಯದವರಿಂದ ಕೇಳಿದ್ದು, ಇಷ್ಟೇ ಆಧಾರ. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದ ಷಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್ ಆ ಲೀಗಿನಲ್ಲಿ ಒಂದು ದಿನವೂ ಆಡದೆ ಬೇರೆ ಉದ್ಯೋಗ ಹಿಡಿದರು.

ಇಂದು ವರ್ಷವೊಂದರಲ್ಲಿ ಡ್ರಾಫ್ಟಿಗೆ ಅರ್ಹರಾಗುವ ಕಾಲೇಜು ಆಟಗಾರರು ಸುಮಾರು 16,000. ಆಯ್ಕೆಯಾಗುವವರು 260ರ ಆಸುಪಾಸು. ತಪ್ಪಿದರೆ ಎರಡೂ ಕಡೆ ನಷ್ಟ. 2010ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ, ಒಂದೂ ಪಂದ್ಯವಾಡುವ ಮೊದಲೇ, 5 ಕೋಟಿ ಡಾಲರ್ ಖಚಿತವಾಗಿ ದೊರೆಯುವಂತೆ ಒಪ್ಪಂದವಾಗಿತ್ತು. ಮರುವರ್ಷವೇ ಹೊಸಬರ ವೇತನಕ್ಕೆ ಮಿತಿ ಹಾಕಿದರು. ಅತ್ತ ಆಯ್ಕೆಯಾಗದ ಹುಡುಗನ ಪಾಡು ಬೇರೆ. ಯಾರೂ ಹೆಸರು ಹೇಳದ ಕರ್ಟ್ ವಾರ್ನರ್, 1994ರಲ್ಲಿ ಒಂದು ತಂಡದ ಶಿಬಿರದಿಂದ ಹೊರಬಿದ್ದು, ಅಯೋವಾ ರಾಜ್ಯದ ಕಿರಾಣಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದರು. 1999ರಲ್ಲಿ ಅವರೇ ಇಡೀ ಲೀಗಿನ ಶ್ರೇಷ್ಠ ಆಟಗಾರರೆನಿಸಿದರು. ವಾರ್ನರ್ ಮರಳಿ ಬಂದರು. ಬಾರದವರ ಹೆಸರುಗಳು ಎಲ್ಲಿಯೂ ದಾಖಲಾಗುವುದಿಲ್ಲ.

ಪರೀಕ್ಷೆಯ ಕ್ರಮ ಹೀಗಿದೆ. ಸೆಪ್ಟೆಂಬರಿನಿಂದ ಸ್ಕೌಟ್‌ಗಳು ಕಾಲೇಜಿನಿಂದ ಕಾಲೇಜಿಗೆ ತಿರುಗುತ್ತಾರೆ. ಅಭ್ಯಾಸವನ್ನು ನೋಡುತ್ತಾರೆ, ತರಬೇತುದಾರರನ್ನೂ ಗಾಯಗಳಿಗೆ ಪಟ್ಟಿ ಕಟ್ಟುವವರನ್ನೂ ಮಾತನಾಡಿಸುತ್ತಾರೆ, ಮೈದಾನದ 22 ಜನರೂ ಕಾಣುವಂತೆ ಎತ್ತರದಿಂದ ತೆಗೆದ ಚಿತ್ರಸುರುಳಿಗಳನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ವರ್ಷಾರಂಭದಲ್ಲಿ ಅಲಬಾಮಾದ ಮೊಬೀಲ್ ನಗರದಲ್ಲಿ ಕೊನೆಯ ವರ್ಷದ ಆಯ್ದ ಆಟಗಾರರ ಪಂದ್ಯ ನಡೆಯುತ್ತದೆ. ಅನಂತರ ಇಂಡಿಯಾನಾಪೊಲಿಸ್ ನಗರದಲ್ಲಿ ‘ಕಂಬೈನ್’ ಎಂಬ ಸಾಮೂಹಿಕ ಪರೀಕ್ಷೆ. 1987ರಿಂದ ಅದು ಅಲ್ಲಿಯೇ ನಡೆದುಬಂದಿದೆ. ಏಪ್ರಿಲ್ ಕೊನೆಯಲ್ಲಿ ಡ್ರಾಫ್ಟ್.

ಕಂಬೈನಿಗೆ ಮುನ್ನೂರಕ್ಕೂ ಮಿಕ್ಕಿ ಆಟಗಾರರಿಗೆ ಕರೆ ಹೋಗುತ್ತದೆ. ತೂಕ ನೋಡಿ, ಎತ್ತರ, ತೋಳಿನ ಉದ್ದ, ಅಂಗೈಯ ಅಗಲ ಇವನ್ನು ಇಂಚಿನ ಎಂಟನೆಯ ಒಂದು ಭಾಗದವರೆಗೆ ಅಳೆದು ಬರೆದುಕೊಳ್ಳುತ್ತಾರೆ. ನಿಂತಲ್ಲಿಂದ ಮೇಲಕ್ಕೆ ನೆಗೆತ, ಮುಂದಕ್ಕೆ ನೆಗೆತ, 225 ಪೌಂಡಿನ ಭಾರವನ್ನು ಮಲಗಿ ಎತ್ತುವುದು, ಗುರುತುಗಳ ಸುತ್ತ ತಿರುಗಿ ಓಡುವುದು ಮುಂತಾದ ಪರೀಕ್ಷೆಗಳಾಗುತ್ತವೆ. ಜನ ನೋಡಬಯಸುವುದು 40 ಗಜದ ಓಟವನ್ನು. ಅಂದರೆ ಸುಮಾರು 36 ಮೀಟರಿಗೆ ತುಸು ಹೆಚ್ಚು. ತಂಡದ ವೈದ್ಯರಿಗೆ ಮಾತ್ರ ಬೇಕಾದುದು ಇವಾವುವೂ ಅಲ್ಲ. ಹಳೆಯ ಗಾಯ, ಮೊಣಕಾಲಿನ ಕೀಲು, ಭುಜದ ಮೂಳೆ ಇವುಗಳ ತಪಾಸಣೆಯನ್ನು ಪ್ರತಿ ತಂಡವೂ ಬೇರೆಬೇರೆಯಾಗಿ ಮಾಡುವ ಬದಲು ಒಂದೆಡೆ ಮಾಡೋಣವೆಂಬುದೇ ಇಂಥ ಶಿಬಿರಗಳು ಹುಟ್ಟಿದ ಮುಖ್ಯ ಕಾರಣ. ದೂರದರ್ಶನದಲ್ಲಿ ಕಾಣುವುದು ಓಟ. ಆಯ್ಕೆಯ ಪಟ್ಟಿಯಿಂದ ಹೆಸರನ್ನು ಅಳಿಸಿಹಾಕುವುದು ಹಲವೊಮ್ಮೆ ಮೊಣಕಾಲು.

40 ಗಜದ ಓಟದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ವ್ಯತ್ಯಾಸವಾದರೂ ಹುಡುಗನ ಸರದಿ ಮೇಲೆ ಕೆಳಗೆ ಆಗುವುದುಂಟು. ಆದರೆ ಆಟದಲ್ಲಿ ಮುಂಚೂಣಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ 140 ಕಿಲೋ ತೂಕದವನು ನೇರವಾಗಿ 40 ಗಜ ಓಡುವ ಪ್ರಸಂಗ ಬರುವುದೇ ಅಪರೂಪ. ಅವನ ಕೆಲಸವೆಲ್ಲ ಮೊದಲ ಎರಡು ಮೂರು ಹೆಜ್ಜೆಗಳಲ್ಲಿ ಮುಗಿಯುತ್ತದೆ. ತಿಳಿದ ಸ್ಕೌಟ್‌ಗಳು ಅದಕ್ಕಾಗಿ ಮೊದಲ 10 ಗಜದ ಕಾಲವನ್ನು ಬೇರೆಯಾಗಿ ನೋಡುತ್ತಾರೆ. ಚೆಂಡು ಹಿಡಿಯಲು ಓಡುವವರಿಗೆ ವೇಗ ಬೇಕು, ನಿಜ. ಆದರೆ 2017ರಲ್ಲಿ 4.22 ಸೆಕೆಂಡಿನಲ್ಲಿ ಓಡಿ ಆವರೆಗಿನ ದಾಖಲೆ ಮುರಿದ ಜಾನ್ ರಾಸ್ ಒಂಬತ್ತನೆಯವರಾಗಿ ಆಯ್ಕೆಯಾಗಿಯೂ ಆ ಸರದಿಗೆ ತಕ್ಕ ಆಟ ಆಡಲಾಗಲಿಲ್ಲ. ಮತ್ತೊಂದು ತುದಿಯಲ್ಲಿ ಟಾಮ್ ಬ್ರೇಡಿ ಇದ್ದಾರೆ. 2000ದಲ್ಲಿ ಅವರು ಈ ಓಟಕ್ಕೆ 5.28 ಸೆಕೆಂಡು ತೆಗೆದುಕೊಂಡರು. ಮೈಯಲ್ಲಿ ಕಸುವಿಲ್ಲವೆಂದು ವರದಿಗಳಾದವು. 198 ಹೆಸರುಗಳಾದ ಮೇಲೆ ಆರನೆಯ ಸುತ್ತಿನಲ್ಲಿ ಅವರ ಸರದಿ ಬಂತು. ಮುಂದೆ ಏಳು ಬಾರಿ ಸೂಪರ್ ಬೌಲ್ ಗೆದ್ದರು. ಬ್ರೇಡಿಯ ಅಳತೆಯಲ್ಲಿ ತಪ್ಪಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವರು ನಿಧಾನವಾಗಿ ಓಡುವವರೇ ಆಗಿದ್ದರು. ತಂಡದ ಆಟವನ್ನು ನಡೆಸಿ ಚೆಂಡನ್ನೆಸೆಯುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರ ಕೆಲಸಕ್ಕೆ ಆ ಅಳತೆ ಸಂಬಂಧಪಟ್ಟುದಾಗಿರಲಿಲ್ಲ.

ಹಾಗಾದರೆ ಸಂಬಂಧಪಟ್ಟದ್ದು ಯಾವುದು? ಒತ್ತಡದಲ್ಲಿ ತಲೆ ಕೆಡದಿರುವುದು, ಎದುರಿನ 11 ಜನರ ನಿಲುವನ್ನು ಕ್ಷಣದಲ್ಲಿ ಓದುವುದು, ಸೋತ ಮರುದಿನವೂ ಮೈದಾನಕ್ಕೆ ಬರುವುದು. ಇವನ್ನು ಅಳೆಯುವ ಪಟ್ಟಿಯಿಲ್ಲ. ನೋಡಿದವರು ಮಾತಿನಲ್ಲಿ ಹೇಳಬೇಕು. ಇಲ್ಲಿಂದ ತೊಡಕು ಆರಂಭವಾಗುತ್ತದೆ. ಆ ತೊಡಕನ್ನು ಮೊದಲು ಕ್ರಮಬದ್ಧವಾಗಿ ಬಿಡಿಸಲು ಹೊರಟವರಲ್ಲಿ ಭಾರತೀಯರೊಬ್ಬರಿದ್ದರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿ.

1960ರಲ್ಲಿ ಸ್ಥಾಪನೆಯಾದ ಡಲ್ಲಾಸ್ ಕೌಬಾಯ್ಸ್ ತಂಡ ಮೊದಲ ವರ್ಷ ಒಂದೂ ಪಂದ್ಯ ಗೆಲ್ಲಲಿಲ್ಲ. ಅದರ ವ್ಯವಸ್ಥಾಪಕ ಟೆಕ್ಸ್ ಶ್ರಾಮ್ ಅದಕ್ಕೂ ಮೊದಲು ದೂರದರ್ಶನ ಸಂಸ್ಥೆಯೊಂದರಲ್ಲಿದ್ದವರು. 1960ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಐಬಿಎಂ ಗಣಕಯಂತ್ರಗಳು ಫಲಿತಾಂಶಗಳನ್ನು ಲೆಕ್ಕ ಹಾಕುವುದನ್ನು ಕಂಡಿದ್ದರು. ಆಟಗಾರರ ಆಯ್ಕೆಗೂ ಇದನ್ನು ಬಳಸಬಹುದೇ ಎಂದು ವಿಚಾರಿಸಿದಾಗ ಐಬಿಎಂನ ಅಂಗಸಂಸ್ಥೆಯಿಂದ ಅವರಿಗೆ ದೊರೆತವರು ಸಲಾಂ ಕುರೇಷಿ. ಅಲೀಗಢದಲ್ಲಿ ಸಂಖ್ಯಾಶಾಸ್ತ್ರ ಓದಿ ಅಮೆರಿಕಕ್ಕೆ ಹೋದ ಕುರೇಷಿಯವರಿಗೆ ಆ ದೇಶದ ಫುಟ್‌ಬಾಲ್ ಗೊತ್ತಿರಲಿಲ್ಲ. ಶ್ರಾಮ್ ಅವರಿಗೆ ಗಣಕಯಂತ್ರ ಗೊತ್ತಿರಲಿಲ್ಲ. ಈ ಅಜ್ಞಾನವೇ ಕೆಲಸಕ್ಕೆ ಬಂತೆನ್ನಬೇಕು. ಆಟ ತಿಳಿದವನು ಸ್ಕೌಟ್ ಬರೆದ ‘ಚುರುಕು’ ಎಂಬ ಮಾತನ್ನು ಓದಿ ತಲೆಯಾಡಿಸಿ ಮುಂದೆ ಹೋಗುತ್ತಾನೆ. ತಿಳಿಯದವನು ಮಾತ್ರ ‘ಚುರುಕು ಎಂದರೇನು?’ ಎಂದು ಕೇಳುತ್ತಾನೆ.

ಕನ್ನಡದ ‘ಚುರುಕು’ ಪದವನ್ನೇ ತೆಗೆದುಕೊಂಡರೂ ಈ ಪ್ರಶ್ನೆಯ ಆಳ ತಿಳಿಯುತ್ತದೆ. ಓಟದ ವೇಗ ಒಂದು ಚುರುಕು. ನಿಂತಲ್ಲಿಂದ ಹೊರಡುವುದು ಇನ್ನೊಂದು. ಓಡುತ್ತಿರುವಾಗಲೇ ದಿಕ್ಕು ಬದಲಿಸುವುದು ಮೂರನೆಯದು. ಹೇಳಿದ್ದನ್ನು ಬೇಗ ಗ್ರಹಿಸುವುದು ನಾಲ್ಕನೆಯದು. ಒಬ್ಬ ಸ್ಕೌಟ್ ಮೊದಲನೆಯದನ್ನು ಮನಸ್ಸಿನಲ್ಲಿಟ್ಟು, ಮತ್ತೊಬ್ಬ ನಾಲ್ಕನೆಯದನ್ನು ಮನಸ್ಸಿನಲ್ಲಿಟ್ಟು ಒಂದೇ ಪದ ಬರೆದರೆ ಆ ಎರಡು ವರದಿಗಳನ್ನು ಕೂಡಿಸುವುದು ಸೇರನ್ನೂ ಮೊಳವನ್ನೂ ಕೂಡಿಸಿದಂತೆ. ಯಂತ್ರ ಎಷ್ಟೇ ವೇಗವಾಗಿ ಲೆಕ್ಕ ಮಾಡಿದರೂ ಉತ್ತರ ತಪ್ಪೇ ಆಗುತ್ತದೆ.

ಹೀಗಾಗಿ ಕುರೇಷಿಯವರ ಕೆಲಸದ ಬಹುಪಾಲು ಗಣಿತಕ್ಕಿಂತ ಮೊದಲಿನದು, ಪದಗಳನ್ನು ಸೋಸುವುದು. ಆಟಗಾರನನ್ನು ವರ್ಣಿಸಲು ಬಳಕೆಯಲ್ಲಿದ್ದ ಸುಮಾರು 300 ಗುಣಗಳನ್ನು ಪಟ್ಟಿ ಮಾಡಿ, ಒಂದರೊಳಗೊಂದು ಸೇರುವುದನ್ನು ಸೇರಿಸಿ, ಕೊನೆಗೆ ಐದು ಮುಖ್ಯ ಗುಣಗಳಿಗೆ ಇಳಿಸಿದರು: ಶೀಲ, ಮೈಯ ಹತೋಟಿ ಕೂಡಿದ ಚುರುಕು, ಸ್ಪರ್ಧಾಭಾವ, ಬುದ್ಧಿಯ ಎಚ್ಚರ, ಕಸುವು ಕೂಡಿದ ಸಿಡಿತ. ಸ್ಕೌಟ್‌ಗಳಿಗೆ ಸ್ವಂತ ವರ್ಣನೆಯ ಬದಲು ಸಿದ್ಧ ವಾಕ್ಯಗಳನ್ನು ಕೊಟ್ಟು, ಪ್ರತಿಯೊಂದು ವಾಕ್ಯ ಆ ಹುಡುಗನಿಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದಕ್ಕೆ 1ರಿಂದ 9ರವರೆಗೆ ಅಂಕ ಹಾಕಿಸಿದರು. ಒಂದೇ ವಾಕ್ಯಕ್ಕೆ ಹಲವರ ಅಂಕಗಳು ಬರತೊಡಗಿದಾಗ ಕೈಬಿಚ್ಚಿ ಅಂಕ ಕೊಡುವ ಸ್ಕೌಟ್ ಯಾರು, ಬಿಗಿಹಿಡಿಯುವವರು ಯಾರು ಎಂಬುದೂ ಕಾಣುವಂತಾಯಿತು. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿಬಂದ ಅಧ್ಯಾಪಕರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಲ್ಲಾಸ್ ತಂಡ 1966ರಿಂದ 1985ರವರೆಗೆ ಸತತ 20 ವರ್ಷ ಸೋಲಿಗಿಂತ ಗೆಲುವನ್ನೇ ಹೆಚ್ಚು ಕಂಡಿತು. ಅದರ ಕೀರ್ತಿಯೆಲ್ಲ ಯಂತ್ರಕ್ಕೇ ಸಲ್ಲುವುದಿಲ್ಲ. ಟಾಮ್ ಲ್ಯಾಂಡ್ರಿಯವರಂಥ ತರಬೇತುದಾರರೂ ಗಿಲ್ ಬ್ರಾಂಟ್ ಅವರಂಥ ಶೋಧಕರೂ ಅಲ್ಲಿದ್ದರು. ಆದರೂ ಮಿಕ್ಕ ತಂಡಗಳು ಒಂದೊಂದಾಗಿ ಆ ದಾರಿ ಹಿಡಿದವು.

ಮಾತು ಸಡಿಲವಾದಲ್ಲಿ ಪೂರ್ವಗ್ರಹ ಒಳಹೊಕ್ಕುತ್ತದೆ. ಕರಿಯ ಜನಾಂಗದ ಕ್ವಾರ್ಟರ್‌ಬ್ಯಾಕ್‌ಗಳ ಇತಿಹಾಸವೇ ಇದಕ್ಕೆ ಸಾಕ್ಷಿ. ಬಹುಕಾಲ ಬಿಳಿಯ ಹುಡುಗನ ವಿಷಯದಲ್ಲಿ ‘ಬುದ್ಧಿವಂತ’, ‘ನಾಯಕ’ ಎಂಬ ಮಾತುಗಳೂ, ಕರಿಯ ಹುಡುಗನ ವಿಷಯದಲ್ಲಿ ‘ಸಹಜ ದೇಹಬಲ’ ಎಂಬ ಮಾತೂ ಬರುತ್ತಿದ್ದವು. ಎರಡನೆಯದು ಹೊಗಳಿಕೆಯಂತೆ ಕಂಡರೂ ಅದರ ತಾತ್ಪರ್ಯ, ಇವನನ್ನು ಆಟ ನಡೆಸುವ ಜಾಗದಲ್ಲಿ ನಿಲ್ಲಿಸಬೇಡಿ, ಓಡುವ ಜಾಗಕ್ಕೆ ಕಳಿಸಿ ಎಂದೇ. ವಾಷಿಂಗ್ಟನ್ ವಿಶ್ವವಿದ್ಯಾಲಯದ ವಾರನ್ ಮೂನ್ 1978ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಯಾವ ತಂಡವೂ ತಮ್ಮನ್ನು ತೆಗೆದುಕೊಳ್ಳುವ ಲಕ್ಷಣ ಕಾಣದೆ ಕೆನಡಾಕ್ಕೆ ಹೋದರು. ಎಡ್ಮಂಟನ್ ತಂಡದೊಡನೆ ಸತತ ಐದು ಪ್ರಶಸ್ತಿ ಗೆದ್ದು, 1984ರಲ್ಲಿ ಮರಳಿ, 2006ರಲ್ಲಿ ಈ ಆಟದ ಕೀರ್ತಿಭವನಕ್ಕೆ ಸೇರಿದರು. ಅದು ಹಳೆಯ ಕಾಲವೆನ್ನುವಂತಿಲ್ಲ. 2018ರಲ್ಲಿ ಲಮಾರ್ ಜಾಕ್ಸನ್ ಅವರನ್ನು ಚೆಂಡು ಹಿಡಿಯುವ ಸ್ಥಾನಕ್ಕೆ ಬದಲಾಯಿಸಬೇಕೆಂದು ಅನುಭವಿಗಳೇ ಹೇಳಿದರು. ಜಾಕ್ಸನ್ ಕಂಬೈನಿನಲ್ಲಿ 40 ಗಜದ ಓಟ ಓಡಲೇ ಇಲ್ಲ. ಓಡಿ ವೇಗ ತೋರಿಸಿದ್ದರೆ ಆ ಮಾತಿಗೆ ಇನ್ನೊಂದು ಆಧಾರ ಸಿಗುತ್ತಿತ್ತು, ಅಷ್ಟೆ. ಮೊದಲ ಸುತ್ತಿನ ಕೊನೆಯಲ್ಲಿ, 32ನೆಯವರಾಗಿ ಆಯ್ಕೆಯಾದ ಅವರು ಮರುವರ್ಷ ಒಂದು ಮತವೂ ಬೇರೆಡೆಗೆ ಹೋಗದಂತೆ ಲೀಗಿನ ಶ್ರೇಷ್ಠ ಆಟಗಾರರಾದರು. 2023ರಲ್ಲಿ ಮತ್ತೊಮ್ಮೆ ಆದರು.

‘ಶೀಲ’ವನ್ನು ತಿಳಿಯಲೆಂದು ನಡೆಸುವ ಸಂದರ್ಶನಗಳಲ್ಲಿಯೂ ಇದೇ ಅಪಾಯ. 2010ರಲ್ಲಿ ತಂಡವೊಂದರ ಮುಖ್ಯಸ್ಥರು ಆಟಗಾರನ ತಾಯಿಯ ಬಗ್ಗೆ ಕೇಳಬಾರದ ಪ್ರಶ್ನೆ ಕೇಳಿ, ಅದು ಹೊರಬಂದ ಮೇಲೆ ಕ್ಷಮೆ ಯಾಚಿಸಬೇಕಾಯಿತು. 2022ರಲ್ಲಿ ಲೀಗ್, ಹುಡುಗರನ್ನು ಅವಮಾನಿಸುವ ತಂಡ ಆಯ್ಕೆಯ ಸರದಿಯನ್ನೇ ಕಳೆದುಕೊಳ್ಳಬಹುದೆಂದು ಎಚ್ಚರಿಸಿತು. ಬುದ್ಧಿಮಟ್ಟ ಅಳೆಯಲು ಬಹುಕಾಲದಿಂದ ಕೊಡುತ್ತಿದ್ದ, 12 ನಿಮಿಷದಲ್ಲಿ 50 ಪ್ರಶ್ನೆ ಬಿಡಿಸಬೇಕಾದ ವಂಡರ್ಲಿಕ್ ಪರೀಕ್ಷೆಯನ್ನೂ ಅದೇ ವರ್ಷ ಕಂಬೈನಿನಿಂದ ಕೈಬಿಟ್ಟರು.

ಇಷ್ಟೆಲ್ಲ ಪರೀಕ್ಷೆಯಿಂದ ದೊರೆಯುವ ಖಚಿತತೆ ಎಷ್ಟು? ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, ಕೇಡ್ ಮ್ಯಾಸಿ ಅವರೊಡನೆ ಹಲವು ವರ್ಷಗಳ ಡ್ರಾಫ್ಟ್‌ಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಒಂದು ಸ್ಥಾನಕ್ಕೆ ಆಯ್ಕೆಯಾದ ಆಟಗಾರನು, ಅದೇ ಸ್ಥಾನಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಮೇಲೆನಿಸುವ ಸಂಭವ ನೂರಕ್ಕೆ ಸುಮಾರು 52 ಮಾತ್ರ ಎಂದು ಅವರು ಕಂಡರು. ನಾಣ್ಯ ಚಿಮ್ಮಿದರೆ 50. ತಂಡಗಳ ತಪ್ಪು ಇಷ್ಟು ಅನಿಶ್ಚಿತವಾದುದನ್ನು ಅಂದಾಜಿಸಲು ಹೊರಟಿದ್ದಲ್ಲ, ತಮ್ಮ ಅಂದಾಜನ್ನು ಅತಿಯಾಗಿ ನಂಬಿದ್ದು ಎಂಬುದು ಅವರ ವಾದ. ಮೊದಲ ಸರದಿಯಲ್ಲಿ ತಮಗೆ ಬೇಕಾದ ಒಬ್ಬನಿಗಾಗಿ ಮುಂದಿನ ಹಲವು ಸರದಿಗಳನ್ನು ಬೇರೆ ತಂಡಕ್ಕೆ ಬಿಟ್ಟುಕೊಡುವುದಕ್ಕಿಂತ, ಸರದಿಗಳನ್ನು ಹೆಚ್ಚಿಸಿಕೊಂಡು ಹಲವರನ್ನು ತೆಗೆದುಕೊಳ್ಳುವುದು ಲಾಭವೆಂದು ಅವರ ಲೆಕ್ಕ ತೋರಿಸಿತು. 2022ರಲ್ಲಿ ಎಲ್ಲರಿಗಿಂತ ಕೊನೆಯವರಾಗಿ, 262ನೆಯ ಸರದಿಯಲ್ಲಿ ಆಯ್ಕೆಯಾದ ಬ್ರಾಕ್ ಪರ್ಡಿ 2024ರ ಫೆಬ್ರುವರಿಯಲ್ಲಿ ತಮ್ಮ ತಂಡವನ್ನು ಸೂಪರ್ ಬೌಲಿನ ಕಣಕ್ಕೆ ಕರೆತಂದರು. ಕೊನೆಯ ಸರದಿಯ ಆಟಗಾರನನ್ನು ‘ಗಣನೆಗೆ ಬಾರದ ಮಹಾಶಯ’ ಎಂಬ ಅರ್ಥದ ಅಡ್ಡಹೆಸರಿನಿಂದ ಕರೆದು ಹಾಸ್ಯ ಮಾಡುವ ರೂಢಿ ಅಲ್ಲಿ ಹಳೆಯದು; ಪರ್ಡಿಯ ಅನಂತರವೂ ಅದು ನಿಂತಿಲ್ಲ.