ಶ್ವಾಸಕೋಶದ ಕವಾಟ ಯಾರಿಗೆ?

ಎಂಫಿಸೀಮಾದಲ್ಲಿ ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಹರಿದು, ಒಳಹೋದ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಉಬ್ಬಿದ ಹಾಲೆ (ಶ್ವಾಸಕೋಶದ ಒಂದು ವಿಭಾಗ) ಒಳ್ಳೆಯ ಭಾಗವನ್ನೂ ಒತ್ತುತ್ತದೆ. ಶ್ವಾಸನಾಳದೊಳಗೆ ಇಳಿಸುವ ಬ್ರಾಂಕೋಸ್ಕೋಪ್ ನಳಿಕೆಯ ಮೂಲಕ ಕೂರಿಸುವ ಪುಟ್ಟ ಕವಾಟಗಳು ಗಾಳಿಯನ್ನು ಹೊರಗೆ ಮಾತ್ರ ಬಿಡುತ್ತವೆ. ಕೆಟ್ಟ ಹಾಲೆ ಕುಗ್ಗಿ, ಉಳಿದದ್ದಕ್ಕೆ ಜಾಗವಾಗುತ್ತದೆ.

ಬೀದರ್ ಜಿಲ್ಲೆಯ ಜನವಾಡದಂಥ ಊರಲ್ಲಿ ಬೀಡಿ ಸೇದಿದವರಿಗೂ ದಮ್ಮು ಬರುತ್ತದೆ, ತೊಗರಿ ಕಟ್ಟಿಗೆಯ ಒಲೆ ಮುಂದೆ ರೊಟ್ಟಿ ಬಡಿದವರಿಗೂ ಬರುತ್ತದೆ. ಒಲೆಹೊಗೆಯ ಕಾಯಿಲೆ ಮಾತ್ರ ಹೆಚ್ಚಾಗಿ ಶ್ವಾಸನಾಳದ್ದು. ಎಂಫಿಸೀಮಾ ಇಲ್ಲದಿದ್ದರೆ ಕವಾಟದಿಂದ ಪ್ರಯೋಜನವಿಲ್ಲ.

ಕವಾಟ ಹಾಕಿಸಿಕೊಳ್ಳಲು ಬೀಡಿ ಬಿಟ್ಟು ಕನಿಷ್ಠ 4 ತಿಂಗಳಾಗಿರಬೇಕು. ಇನ್ಹೇಲರ್, ಉಸಿರಾಟದ ವ್ಯಾಯಾಮ ಮಾಡಿಯೂ ಏದುಸಿರು ಉಳಿದಿರಬೇಕು. ಒಂದು ಸೆಕೆಂಡಿನಲ್ಲಿ ಊದುವ ಗಾಳಿ ಸಾಮಾನ್ಯವಾಗಿ ನಿರೀಕ್ಷಿತ ಪ್ರಮಾಣದ ಶೇ 15ರಿಂದ 45ರಷ್ಟಿರಬೇಕು; ಪೂರ್ತಿ ಉಸಿರು ಬಿಟ್ಟ ಮೇಲೂ ಒಳಗುಳಿಯುವ ಗಾಳಿ ಶೇ 175 ದಾಟಿರಬೇಕು.

ನಿರ್ಣಾಯಕ ಪರೀಕ್ಷೆ ಸಿಟಿ ಸ್ಕ್ಯಾನ್. ಹಾಲೆಗಳ ನಡುವಿನ ಸೀಳು ಬಹುತೇಕ ಪೂರ್ಣವಾಗಿರಬೇಕು. ಸೀಳು ಅಪೂರ್ಣವಾಗಿ ಹಾಲೆಗಳು ಕೂಡಿಕೊಂಡಿದ್ದರೆ ಪಕ್ಕದ ಹಾಲೆಯಿಂದ ಗಾಳಿ ನುಗ್ಗುತ್ತದೆ, ಕವಾಟ ಎಷ್ಟೇ ಚೆನ್ನಾಗಿ ಕೂತರೂ ಹಾಲೆ ಕುಗ್ಗುವುದಿಲ್ಲ. ಅನುಮಾನವಿದ್ದರೆ ಬಲೂನು ಕೊಳವೆಯಿಂದ ಹಾಲೆಯನ್ನು ಮುಚ್ಚಿ ಗಾಳಿಯ ಹರಿವನ್ನು ಅಳೆಯುತ್ತಾರೆ.

ಸರಿಯಾಗಿ ಆಯ್ದವರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಶ್ವಾಸಕೋಶದಿಂದ ಗಾಳಿ ಸೋರಬಹುದು, ಹೆಚ್ಚಾಗಿ ಮೊದಲ 3 ದಿನಗಳಲ್ಲಿ. ಆದ್ದರಿಂದ ದೂರದೂರಿಗೆ ಹೋಗಿ ಕವಾಟ ಹಾಕಿಸಿಕೊಂಡವರು ಅಷ್ಟು ದಿನ ಆಸ್ಪತ್ರೆಯಲ್ಲೇ ಇರಬೇಕು. ಮರುದಿನವೇ ಬೀದರ್ ಬಸ್ಸು ಹತ್ತಬಾರದು.