ಕ್ಯಾಸೆಟ್ ಉಳಿದಿದೆ, ಯಂತ್ರ ಎಲ್ಲಿ?

ಚಿಕ್ಕಮ್ಮನ ಮದುವೆ ನಡೆದದ್ದು 1991ರಲ್ಲಿ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಂಗಳದಲ್ಲೇ. ಅದರ ವಿಡಿಯೊ ಕ್ಯಾಸೆಟ್‌ನಲ್ಲಿ ಎಲ್ಲರೂ ಇದ್ದಾರೆ. ಧಾರೆ ಎರೆಯುತ್ತಿರುವ ಅಜ್ಜ, ಹಾಲೊಜೆನ್ ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ ಅಜ್ಜಿ, ಪಂಕ್ತಿಯಲ್ಲಿ ಪಾಯಸ ಬಡಿಸುತ್ತ ಓಡಾಡುವ ಸೋದರಮಾವ. ಆದರೆ ಒಬ್ಬರ ದನಿಯೂ ಕೇಳುವುದಿಲ್ಲ. ಸ್ಟುಡಿಯೊದವರು ‘ಮಿಕ್ಸಿಂಗ್’ ಮಾಡುವಾಗ ಮೂಲ ಶಬ್ದ ತೆಗೆದು ಉದ್ದಕ್ಕೂ ಸಿನಿಮಾ ಹಾಡು ತುಂಬಿದ್ದರು. ಆಗಿನ ಪದ್ಧತಿ ಅದು, ಎಲ್ಲರೂ ಇಷ್ಟಪಟ್ಟೇ ನೋಡಿದೆವು. ಐದು ವರ್ಷದ ಬಳಿಕ ಅಜ್ಜ ತೀರಿಕೊಂಡರು. ಆಮೇಲೆ ಆ ಕ್ಯಾಸೆಟ್ ಹಾಕಿದಾಗಲೆಲ್ಲ ಅಜ್ಜನ ತುಟಿ ಅಲುಗುತ್ತಿತ್ತು, ಹಾಡು ಮಾತ್ರ ಕೇಳುತ್ತಿತ್ತು.

ಹೋದ ವರ್ಷ ಮಳೆಗಾಲಕ್ಕೆ ಮೊದಲು ಅಟ್ಟ ಗುಡಿಸುವಾಗ ಟ್ರಂಕಿನ ತಳದಲ್ಲಿ ಇನ್ನೊಂದು ಕ್ಯಾಸೆಟ್ ಸಿಕ್ಕಿತು. ಮೇಲಿನ ಚೀಟಿಯಲ್ಲಿ ಪೆನ್ಸಿಲ್ ಅಕ್ಷರ: ‘ಮದುವೆ, ಕಟ್ ಮಾಡದ್ದು’. ಕ್ಯಾಮೆರಾದವರು ಮಿಕ್ಸಿಂಗ್ ಮುಗಿಸಿ ವಾಪಸ್ ಕೊಟ್ಟಿದ್ದ ಮೂಲ ಟೇಪು. ಕಿಟಕಿಯೊಳಗೆ ನೋಡಿದರೆ ಸುರುಳಿಯ ಅಂಚಿಗೆ ಬೂದಿ ಉದುರಿಸಿದಂತೆ ಬಿಳಿ ಬೂಷ್ಟು. ಮನೆಯ ವಿಸಿಆರ್ ಗುಜರಿಗೆ ಹೋಗಿ ಹದಿನೈದು ವರ್ಷವಾಗಿತ್ತು.

ಟೇಪಿನ ಮೇಲೆ ಚಿತ್ರ ಬರೆಯುವ ವಿದ್ಯೆ ಮನೆಗಳಿಗಾಗಿ ಹುಟ್ಟಿದ್ದಲ್ಲ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಷಿಕಾಗೊದಲ್ಲಿ ತೋರಿಸಿದ ಯಂತ್ರಕ್ಕೆ ಎರಡು ಇಂಚು ಅಗಲದ ಟೇಪು ಬೇಕಿತ್ತು, ಬೆಲೆ ಸುಮಾರು 50,000 ಡಾಲರ್. ಕೊಂಡವರು ಟಿವಿ ಕೇಂದ್ರದವರು. ಅದೇ ವಿದ್ಯೆ ಮನೆಯ ಬೀರುವಿಗೆ ಇಳಿಯಲು ಇಪ್ಪತ್ತು ವರ್ಷ ಹಿಡಿಯಿತು. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿಯ ವಿಎಚ್‌ಎಸ್ ಬಂದವು. ನಾವು ‘ವಿಡಿಯೊ ಕ್ಯಾಸೆಟ್’ ಎಂದು ಕರೆದದ್ದು ಹೆಚ್ಚಾಗಿ ಈ ಎರಡನೆಯದನ್ನು.

ನಮ್ಮಲ್ಲಿ ತಿರುವು ಬಂದದ್ದು 1982ರಲ್ಲಿ. ದಿಲ್ಲಿ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನಕ್ಕೆ ಬಣ್ಣ ಬಂತು, ಅದರ ಹಿಂದೆಯೇ ವಿಸಿಆರ್‌ಗಳು ಬಂದವು. ಕರಾವಳಿಯ ಅನೇಕ ಮನೆಗಳಿಗೆ ಅವು ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಬಂದವು. ಮದುವೆಗೆ ಬರಲಾಗದೆ ದುಬೈಯಲ್ಲೊ ಕುವೈತ್‌ನಲ್ಲೊ ಉಳಿದ ಮಗನಿಗೆ ತಂಗಿಯ ಮದುವೆ ಕ್ಯಾಸೆಟ್ಟೇ ಹೋಗುತ್ತಿತ್ತು. ಫೋಟೊ ಸ್ಟುಡಿಯೊಗಳ ಬೋರ್ಡಿನಲ್ಲಿ ‘ವಿಡಿಯೊ’ ಎಂಬ ಪದ ಸೇರಿತು. ಭುಜದ ಮೇಲೆ ಹೊರುವ ಕ್ಯಾಮೆರಾ ಒಬ್ಬರದ್ದು, ಉರಿಯುವ ದೀಪ ಹಿಡಿದು ವಯರು ಎಳೆಯುತ್ತ ಹಿಂದೆ ನಡೆಯುವ ಹುಡುಗ ಇನ್ನೊಬ್ಬ. ನಮ್ಮ ಊರುಗಳ ಅಂಗಳ, ಉಡುಗೆ, ಮಾತಿನ ಧಾಟಿ, ಅಡುಗೆಯವರು ಒಲೆ ಹೂಡುತ್ತಿದ್ದ ರೀತಿ, ಎಲ್ಲ ಚಲಿಸುವ ಚಿತ್ರವಾಗಿ ದಾಖಲಾದದ್ದು ಈ ಸ್ಟುಡಿಯೊದವರಿಂದ. ಅವರಿಗೆ ಸಲ್ಲಬೇಕಾದ ಕೀರ್ತಿ ಇನ್ನೂ ಸಂದಿಲ್ಲ ಎಂದು ನನಗೆ ಅನಿಸುತ್ತದೆ.

ಟೇಪನ್ನು ಕೈಯಲ್ಲಿ ಹಿಡಿದರೆ ಕಾಣುವುದು ಅರ್ಧ ಇಂಚು ಅಗಲದ ಕಪ್ಪು ಪಟ್ಟಿ ಮಾತ್ರ. ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಾಂತಗುಣದ ಪುಡಿ. ಯಂತ್ರದೊಳಗೆ 62 ಮಿಲಿಮೀಟರ್ ವ್ಯಾಸದ ಉರುಳೆಯೊಂದು ಓರೆಯಾಗಿ ನಿಂತಿರುತ್ತದೆ. ನಮ್ಮ ದೇಶದ ಟಿವಿ ಅನುಸರಿಸಿದ ‘ಪಾಲ್’ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಅದರ ಮೇಲಿನ ಎರಡು ‘ಹೆಡ್’ಗಳು ಟೇಪಿನ ಮೇಲೆ ಓರೆಗೆರೆ ಎಳೆಯುತ್ತ ಹೋಗುತ್ತವೆ. ಒಂದೊಂದು ಗೆರೆಯ ಅಗಲ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ಅದರಲ್ಲಿರುವುದು ಸೆಕೆಂಡಿನ ಐವತ್ತನೇ ಒಂದು ಪಾಲಿನ ಚಿತ್ರ. ಅಜ್ಜ ಧಾರೆಯ ನೀರು ಬಿಟ್ಟ ಒಂದು ಸೆಕೆಂಡು ಐವತ್ತು ಗೆರೆಗಳಾಗಿ ಆ ಟ್ರಂಕಿನಲ್ಲಿ ಮಲಗಿತ್ತು.

ಆ ಗೆರೆಗಳನ್ನು ಅಳಿಸುವವರು ಹಲವರು. ಅಂಟು ಗಾಳಿಯ ತೇವ ಹೀರಿ ಸಡಿಲವಾಗುತ್ತದೆ. ಕಾಂತಶಕ್ತಿ ನಿಧಾನವಾಗಿ ಕುಂದುತ್ತದೆ. ಮಲೆನಾಡು, ಕರಾವಳಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಬೂಷ್ಟು. ರಿಪೇರಿಯವರ ಮಾತಿನಲ್ಲಿ ‘ಫಂಗಸ್ ಹಿಡಿದಿದೆ’. ಅಂಥ ಕ್ಯಾಸೆಟ್ಟನ್ನು ‘ಓಡುತ್ತದೋ ನೋಡೋಣ’ ಎಂದು ಯಂತ್ರಕ್ಕೆ ಹಾಕಿದರೆ ಅಂಟಿಕೊಂಡ ಸುತ್ತುಗಳು ಹರಿಯಬಹುದು, ಹೆಡ್ಡಿಗೆ ಮೆತ್ತಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಆದರೂ ಟೇಪಿಗಿಂತ ಬೇಗ ಸಾಯುತ್ತಿರುವುದು ಯಂತ್ರ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಜಗತ್ತಿನಲ್ಲಿ ಅದನ್ನು ಇನ್ನೂ ಮಾಡುತ್ತಿದ್ದ ಕೊನೆಯ ಕಂಪನಿ ಅದು. ಬಿಡಿಭಾಗ ಸಿಗುವುದೇ ಕಷ್ಟವಾಗಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಅದರ ಹಿಂದಿನ ವರ್ಷವೇ ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ, ಡಿಜಿಟಲ್‌ಗೆ ದಾಟಿಸದ ಟೇಪುಗಳಿಗೆ 2025 ಗಡುವು ಎಂದು ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೊ ಕೂಡ ದನಿ ಸೇರಿಸಿತು. ಆ ಗಡುವಿನ ವರ್ಷವೂ ಬಂದಾಗಿದೆ. ಒಂದು ಕಾಲಕ್ಕೆ ಸ್ಟುಡಿಯೊಗಳ ಮೂಲೆಯ ಸಣ್ಣ ಕೆಲಸವಾಗಿದ್ದ ಟೇಪು ವರ್ಗಾವಣೆ ತನ್ನದೇ ನಿಯಮವುಳ್ಳ ಕಸುಬಾಗಿ ಬೆಳೆಯಿತು.

ಮನೆ ಟೇಪು ಅಷ್ಟು ಮುಖ್ಯವೆ ಎಂದು ಕೇಳುವವರಿಗೆ ನಾನು ಹೇಳುವುದು ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಅವರ ಕಥೆ. 1979ರ ಇರಾನ್ ಒತ್ತೆಯಾಳು ಪ್ರಕರಣದ ಹೊತ್ತಿನಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಅವರು ತಮ್ಮ ಮನೆಯಲ್ಲಿ ಹಗಲು ರಾತ್ರಿ ಟಿವಿ ಸುದ್ದಿಯನ್ನು ಟೇಪಿಗಿಳಿಸಿದರು. ಸುಮಾರು 70,000 ಕ್ಯಾಸೆಟ್ಟುಗಳಾದವು. ಟಿವಿ ಕೇಂದ್ರಗಳೇ ಉಳಿಸಿಕೊಳ್ಳದ ಎಷ್ಟೋ ಪ್ರಸಾರಗಳು ಗ್ರಂಥಪಾಲಕಿಯಾಗಿದ್ದ ಒಬ್ಬ ಮಹಿಳೆಯ ಹಟದಲ್ಲಿ ಉಳಿದವು. ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಆ ಸಂಗ್ರಹವನ್ನು ಡಿಜಿಟಲ್ ಮಾಡಲು ತನ್ನ ಬಳಿ ಇರಿಸಿಕೊಂಡಿದೆ.

ನಮ್ಮಲ್ಲಿ ವರ್ಗಾವಣೆಯ ಮೊದಲ ಅಲೆ ಬಂದದ್ದು 2000ದ ಆಸುಪಾಸು, ವಿಸಿಡಿ ರೂಪದಲ್ಲಿ. ಅದರ ನಷ್ಟ ಬಲ್ಲವರು ಕಡಿಮೆ. ಪಾಲ್ ಚಿತ್ರದಲ್ಲಿ ಕಾಣುವ ಗೆರೆಗಳು 576. ವಿಸಿಡಿ ಹಿಡಿದಿಡುವುದು 288. ಅರ್ಧ ಅಲ್ಲೇ ಹೋಯಿತು. ಸೆಕೆಂಡಿನ ಐವತ್ತು ಹೊತ್ತುಗಳಲ್ಲಿ ಉಳಿದವು ಇಪ್ಪತ್ತೈದು. ‘ಸಿಡಿ ಮಾಡಿಸಿದೆವಲ್ಲ’ ಎಂದು ಎಷ್ಟೋ ಮನೆಗಳವರು ಕ್ಯಾಸೆಟ್ಟನ್ನು ಎಸೆದರು. ಈಗ ಆ ಸಿಡಿಗಳೂ ಗೀಚಿ, ಸಿಪ್ಪೆ ಎದ್ದು ಓದಲಾಗದಂತಾಗಿವೆ.

ಅಜ್ಜನ ಟೇಪನ್ನು ನಾನು ಮೊದಲು ಒಯ್ದ ಅಂಗಡಿಯಲ್ಲಿ ಚಿತ್ರವೇನೋ ಬಂತು. ಹತ್ತು ನಿಮಿಷ ದಾಟುವಷ್ಟರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ. ಹಳೆಯ ಟೇಪು ಯಂತ್ರದಲ್ಲಿ ಒಂದೇ ಹದದಲ್ಲಿ ಓಡುವುದಿಲ್ಲ, ಗೆರೆಗಳು ತುಸು ಹಿಂದೆ ಮುಂದೆ ಬರುತ್ತವೆ. ಹಳೆ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು, ಕಂಪ್ಯೂಟರ್ ಸಹಿಸುವುದಿಲ್ಲ, ಅರ್ಥವಾಗದ ಚಿತ್ರಗಳನ್ನು ಬಿಟ್ಟುಬಿಡುತ್ತದೆ. ನಡುವೆ ‘ಟೈಮ್ ಬೇಸ್ ಕರೆಕ್ಟರ್’ ಎಂಬ ಸಾಧನವಿದ್ದರೆ ಅದು ಗೆರೆಗಳನ್ನು ಕ್ಷಣ ತಡೆದು, ಸಾಲಾಗಿ ನಿಲ್ಲಿಸಿ ಕಳಿಸುತ್ತದೆ.

ಎರಡನೆಯವರು ಬೆಂಗಳೂರಿನಲ್ಲಿ ಮೂವತ್ತು ವರ್ಷ ವಿಸಿಆರ್ ರಿಪೇರಿ ಮಾಡಿದ ಹಿರಿಯರು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿದರು. ಬೂಷ್ಟನ್ನು ಇಂಚಿಂಚಾಗಿ ಒರೆಸಿ, ಸುರುಳಿಯನ್ನು ಬೇರೆ ಪೆಟ್ಟಿಗೆಗೆ ಕೂರಿಸಿದರು. ಎರಡು ದಿನ ಹಿಡಿಯಿತು. ಆಮೇಲೆ ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಡಿವಿ ಎಂಬ ಡಿಜಿಟಲ್ ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿಯಂತೆ ಒಟ್ಟು 40 ಜಿಬಿಯಷ್ಟಾಯಿತು. ಮೊಬೈಲಿನಲ್ಲಿ ಕಳಿಸಲು ಸಣ್ಣ ಪ್ರತಿ ಬೇರೆ ಮಾಡಿಕೊಟ್ಟರು. “ಟೇಪು ಎಸೀಬೇಡಿ ಸಾರ್, ಮುಂದೆ ಇನ್ನೂ ಚೆನ್ನಾಗಿ ತೆಗೆಯೋ ವಿದ್ಯೆ ಬಂದರೆ ಬೇಕಾಗುತ್ತೆ” ಎಂದರು. ಹೆಡ್ಡಿನಿಂದ ಬರುವ ಮೂಲ ಸಂಕೇತವನ್ನೇ ಕಂಪ್ಯೂಟರಿಗೆ ಇಳಿಸಿ ಚಿತ್ರ ಬಿಡಿಸುವ ಪ್ರಯೋಗಗಳು ಈಗಾಗಲೇ ನಡೆದಿವೆ.

ನಲವತ್ತನೇ ನಿಮಿಷಕ್ಕೆ ಅಜ್ಜ ಮಾತಾಡಿದರು. “ಕಳಶದ ನೀರು ಎಲ್ಲಿಟ್ಟಿದ್ದೀಯ ಮಾರಾಯ, ಹೊತ್ತಾಯ್ತು.” ಅಷ್ಟೇ. ಚಿಕ್ಕಮ್ಮನಿಗೆ ಫೋನಿನಲ್ಲಿ ಕೇಳಿಸಿದೆ. ಅವರು ಮೂರು ಸಲ ಹಾಕಿಸಿಕೊಂಡರು. ಆಮೇಲೆ ಪಂಕ್ತಿಯಲ್ಲಿ ಕೂತವರ ಹೆಸರನ್ನು ಒಬ್ಬೊಬ್ಬರದಾಗಿ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಹನ್ನೊಂದು ಮುಖಗಳನ್ನು ಅವರೂ ಗುರುತಿಸಲಿಲ್ಲ.

ನಿಮ್ಮ ಮನೆಯಲ್ಲೂ ಕ್ಯಾಸೆಟ್ ಇದ್ದರೆ ಈ ಭಾನುವಾರ ಕೆಳಗಿಳಿಸಿ. ಬೂಷ್ಟಿದ್ದರೆ ಯಾವ ಯಂತ್ರಕ್ಕೂ ಹಾಕಬೇಡಿ. ಅದರ ಮೇಲೆ ಬೇರೇನೂ ದಾಖಲಾಗದಂತೆ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಡಿಜಿಟಲ್ ಪ್ರತಿ ಎರಡು ಡಿಸ್ಕ್‌ಗಳಲ್ಲಿರಲಿ, ಒಂದು ಇನ್ನೊಬ್ಬರ ಮನೆಯಲ್ಲಿರಲಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಯಾರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳಿ.