ನೀರು ನಿಂತ ಹೊಲದಲ್ಲಿ ಬೀಜಕ್ಕೆ ಉಸಿರೆಲ್ಲಿ?

ಹೊಳಲ್ಕೆರೆ, ಹೊಸದುರ್ಗ ಕಡೆ ಮೆಕ್ಕೆಜೋಳ ಬಿತ್ತಿದ ಬೆನ್ನಿಗೇ ಜೋರು ಮಳೆ ಸುರಿದರೆ ಮೊಳಕೆ ಅಲ್ಲಲ್ಲಿ ಕೈಕೊಡುತ್ತೆ. ಬೀಜ ಕಳಪೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗೋ ಮುಂಚೆ ಇದನ್ನು ಓದಿ. ನೆನೆದ ಬೀಜ ಉಸಿರಾಡುತ್ತೆ. ಮಣ್ಣಿನ ಸಂದಿಗಳಲ್ಲಿ ನೀರು ತುಂಬಿದರೆ ಅದಕ್ಕೆ ಆಮ್ಲಜನಕ ಸಿಗಲ್ಲ.

ಆಗ ನೆರವಿಗೆ ಬರೋದು ಸಸ್ಯದ್ದೇ ಹಿಮೋಗ್ಲೋಬಿನ್. ಶೇಂಗಾ ಬೇರಿನ ಗಂಟು ಸೀಳಿದಾಗ ಕೆಂಪಗೆ ಕಾಣುತ್ತಲ್ಲ, ಅದರ ದಾಯಾದಿ. ಆದರೆ ಬೀಜದಲ್ಲಿ ಇರೋದು ತೀರಾ ಅಲ್ಪ, ನಮ್ಮ ರಕ್ತದ ಥರ ಆಮ್ಲಜನಕ ಹೊತ್ತು ತರಲ್ಲ. ಉಸಿರು ಕಟ್ಟಿದಾಗ ಹೆಚ್ಚಾಗುವ ನೈಟ್ರಿಕ್ ಆಕ್ಸೈಡನ್ನು ನೈಟ್ರೇಟ್ ಮಾಡಿ, ಜೀವಕೋಶದ ಶಕ್ತಿ ಪೂರ್ತಿ ಆರದಂತೆ ತಡೆಯುತ್ತೆ. ಸ್ವಲ್ಪ ಸಮಯ ಕೊಡುತ್ತೆ, ಅಷ್ಟೇ.

ಹಿರಿಯೂರಿನ ಎರೆಹೊಲದವರು ಬಿತ್ತೋ ಮೊದಲೇ ಬಸಿಗಾಲುವೆ ತೆಗೀರಿ. ನೀರು ಇಳಿದ ಮೇಲೆ ನಾಲ್ಕು ಕಡೆ ಬೀಜ ಅಗೆದು ನೋಡಿ. ಗಟ್ಟಿಯಾಗಿದ್ದು ಬಿಳಿ ಬೇರು ಕಂಡರೆ ಕಾಯಿರಿ. ಮೆತ್ತಗಾಗಿ ನಾರುತ್ತಿದ್ದರೆ ಅಲ್ಲಿ ಮತ್ತೆ ಬಿತ್ತಿ.